ಅಮ್ಮನ ಗರ್ಭಕೋಶದಲ್ಲಿ ಕೊಬ್ಬಿನ ಗಡ್ಡೆ: ಲೈಪೋಲಿಯೋಮಯೋಮಾ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಶಿವಮೊಗ್ಗದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಗೆ ಈಗ 61 ವರ್ಷ. ಮುಟ್ಟು ನಿಂತು ಹತ್ತು ವರ್ಷಗಳ ಮೇಲಾಯಿತು. ಥೈರಾಯ್ಡ್ ಕೊರತೆಗೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಇತ್ತೀಚೆಗೆ ಕಿಬ್ಬೊಟ್ಟೆಯಲ್ಲಿ ಭಾರವೆನಿಸುತ್ತದೆ, ಮೂತ್ರಕ್ಕೆ ಮೇಲಿಂದ ಮೇಲೆ ಹೋಗಬೇಕೆನಿಸುತ್ತದೆ ಎಂದು ಹೇಳುತ್ತಿದ್ದುದರಿಂದ, ಹಿಂದೊಮ್ಮೆ ಕಾಡಿದ್ದ ಕಿಡ್ನಿ ಕಲ್ಲು ಮತ್ತೆ ಬಂದಿರಬಹುದೆಂದು ಹೊಟ್ಟೆಯ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಮಾಡಿಸಿದೆವು. ಕಲ್ಲು ಕಾಣಲಿಲ್ಲ. ಆದರೆ ಗರ್ಭಕೋಶದ ಹಿಂಭಾಗದ ಗೋಡೆಯಲ್ಲಿ 5.6 ಸೆಂ.ಮೀ. ಅಳತೆಯ, ಸುತ್ತಲಿನ ಸ್ನಾಯುವಿಗಿಂತ ಬಹಳ ಬೆಳ್ಳಗೆ ಕಾಣುವ, ಅಂಚು ಸ್ಪಷ್ಟವಾಗಿರುವ ಒಂದು ಗಡ್ಡೆ ಇದೆಯೆಂದು ವರದಿ ಬಂದಿದೆ. ಅದರೊಳಗೆ ರಕ್ತಸಂಚಾರ ಕಾಣುತ್ತಿಲ್ಲವಂತೆ. ಗರ್ಭಕೋಶದ ಒಳಪದರ 3 ಮಿ.ಮೀ. ಇದೆ. ಅಂಡಾಶಯಗಳು ಸರಿಯಾಗಿ ಕಾಣಿಸಲಿಲ್ಲ ಎಂದು ಬರೆದು, ಕೊನೆಯಲ್ಲಿ 'ಲೈಪೋಲಿಯೋಮಯೋಮಾ ಇರಬಹುದು, ಅಂಡಾಶಯದ ಡರ್ಮಾಯ್ಡ್ ಅಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು' ಎಂಬ ಸಾಲನ್ನು ಸೇರಿಸಿದ್ದಾರೆ. ಲೈಪೋಲಿಯೋಮಯೋಮಾ ಎಂದರೆ ಸ್ನಾಯು ಮತ್ತು ಕೊಬ್ಬು ಬೆರೆತ ಗಡ್ಡೆ, ಡರ್ಮಾಯ್ಡ್ ಎಂದರೆ ಅಂಡಾಶಯದಲ್ಲಿ ಬೆಳೆಯುವ ಇನ್ನೊಂದು ಬಗೆಯ ಕೊಬ್ಬಿನ ಗಡ್ಡೆಯಂತೆ.

ಮೊದಲು ತೋರಿಸಿದ ವೈದ್ಯರು, ಈ ವಯಸ್ಸಿನಲ್ಲಿ ಇಂಥ ಗಡ್ಡೆಯನ್ನು ಇಟ್ಟುಕೊಳ್ಳುವುದು ಬೇಡ, ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆಸಿಬಿಡಿ ಎಂದರು. ಇನ್ನೊಬ್ಬರು, ಎಂ.ಆರ್.ಐ. ಮಾಡಿಸಿದ ಮೇಲೆ ತೀರ್ಮಾನಿಸೋಣ ಎಂದರು. ಅಮ್ಮನಿಗೆ ಮುಟ್ಟು ನಿಂತ ಮೇಲೆ ಒಮ್ಮೆಯೂ ರಕ್ತಸ್ರಾವ ಆಗಿಲ್ಲ. ಕಿಡ್ನಿ ಕಲ್ಲಿಗಾಗಿ ಕಳೆದ ವರ್ಷಕ್ಕೂ ಹಿಂದೆ ಒಂದು ಸಿ.ಟಿ. ಸ್ಕ್ಯಾನ್ ಮಾಡಿಸಿದ್ದೆವು, ಅದರ ವರದಿಯಲ್ಲಿ ಗರ್ಭಕೋಶದ ವಿಚಾರವೇ ಇರಲಿಲ್ಲ.

ಇದು ಕ್ಯಾನ್ಸರ್ ಆಗಿರುವ ಸಾಧ್ಯತೆ ಎಷ್ಟು, ಎಂ.ಆರ್.ಐ.ಗೆ ಖರ್ಚು ಮಾಡುವುದರಿಂದ ನಿಜವಾಗಿ ತಿಳಿಯುವುದೇನು, ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷಿಸಿದರೆ ಸಾಲದೇ ಎಂಬ ಪ್ರಶ್ನೆಗಳು ಮನೆಯಲ್ಲಿ ಎಲ್ಲರನ್ನೂ ಕಾಡುತ್ತಿವೆ. ಅಮ್ಮ ಶಸ್ತ್ರಚಿಕಿತ್ಸೆಗೆ ಹೆದರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಏನೆಂದು ಗೊತ್ತಿಲ್ಲದ ಒಂದು ವಸ್ತು ಒಳಗೆ ಇದೆಯೆಂಬುದಕ್ಕೆ ಹೆದರಿದ್ದಾರೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.


ಉತ್ತರ: ರೇಡಿಯಾಲಜಿಸ್ಟ್, ಮೈಸೂರು

ನಿಮ್ಮ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಆ ಹಳೆಯ ಸಿ.ಟಿ. ಸ್ಕ್ಯಾನ್. ಕಿಡ್ನಿ ಕಲ್ಲಿಗಾಗಿ ಮಾಡುವ ಸಿ.ಟಿ.ಯಲ್ಲಿ ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಚಿತ್ರ ತೆಗೆಯುವುದರಿಂದ ಮೂತ್ರಕೋಶದ ಹಿಂದೆಯೇ ಇರುವ ಗರ್ಭಕೋಶವೂ ಅದರಲ್ಲಿ ಬಂದೇ ಬಂದಿರುತ್ತದೆ. ಕಲ್ಲನ್ನು ಹುಡುಕುತ್ತಿದ್ದವರು ಗರ್ಭಕೋಶದ ಬಗ್ಗೆ ಬರೆಯದಿದ್ದರೂ ಚಿತ್ರದಲ್ಲಿ ಅದು ಇದೆ. ಹಾಗಾಗಿ ಮೊದಲು ಆ ಸ್ಕ್ಯಾನ್ ಸೆಂಟರಿಗೆ ಹೋಗಿ ಅದರ ಸಿ.ಡಿ. ಕೇಳಿ ತನ್ನಿ. ಫಿಲ್ಮ್ ಹಾಳೆ ಸಾಲದು. ಕಂಪ್ಯೂಟರಿನಲ್ಲಿ ತೆರೆಯಬಹುದಾದ ಮೂಲ ಚಿತ್ರಗಳೇ ಬೇಕು, ಏಕೆಂದರೆ ಅದರಲ್ಲಿ ಮಾತ್ರ ಗಡ್ಡೆಯ ಸಾಂದ್ರತೆಯನ್ನು ಅಳೆಯಲು ಸಾಧ್ಯ.

ಅಳೆಯುವುದು ಎಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಸಿ.ಟಿ. ಚಿತ್ರದ ಪ್ರತಿಯೊಂದು ಬಿಂದುವಿಗೂ ಒಂದು ಸಂಖ್ಯೆ ಇರುತ್ತದೆ. ಈ ತಂತ್ರವನ್ನು ರೂಪಿಸಿದ್ದಕ್ಕಾಗಿ 1979ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರಿನಲ್ಲಿಯೇ ಆ ಮಾನವನ್ನು ಕರೆಯುತ್ತಾರೆ. ನೀರಿಗೆ ಸೊನ್ನೆ, ಗಾಳಿಗೆ −1000, ಸ್ನಾಯುವಿಗೆ ಸುಮಾರು 40ರಿಂದ 60. ಕೊಬ್ಬು ನೀರಿಗಿಂತ ಹಗುರವಾದದ್ದರಿಂದ ಅದರ ಸಂಖ್ಯೆ ಸೊನ್ನೆಯಿಂದ ಕೆಳಗೆ, ಸಾಮಾನ್ಯವಾಗಿ −50ರಿಂದ −120ರ ನಡುವೆ ಬರುತ್ತದೆ. ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುವ ಸಾಧಾರಣ ಫೈಬ್ರಾಯ್ಡ್ ಗಡ್ಡೆ ಎಂದಿಗೂ ಹೀಗೆ ಸೊನ್ನೆಯ ಕೆಳಗೆ ಇಳಿಯುವುದಿಲ್ಲ. ಆದ್ದರಿಂದ ನಿಮ್ಮ ತಾಯಿಯವರ ಗಡ್ಡೆಯ ಮೇಲೆ ಒಂದು ಸಣ್ಣ ವೃತ್ತ ಎಳೆದು ನೋಡಿದಾಗ −90ರಂಥ ಸಂಖ್ಯೆ ಬಂದರೆ, ಅದರಲ್ಲಿ ಕೊಬ್ಬಿದೆಯೇ ಎಂಬ ಪ್ರಶ್ನೆ ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು ಲಾಭವೂ ಇದೆ: ಆಗಿನ ಅಳತೆಗೂ ಈಗಿನ 5.6 ಸೆಂ.ಮೀ.ಗೂ ಎಷ್ಟು ವ್ಯತ್ಯಾಸವಿದೆ ಎಂಬುದು ತಿಳಿಯುತ್ತದೆ. ಗಡ್ಡೆ ಬೆಳೆಯುತ್ತಿದೆಯೇ ಎಂಬುದನ್ನು ತಿಳಿಯಲು ಮುಂದಿನ ವರ್ಷದವರೆಗೆ ಕಾಯಬೇಕಾಗಿಲ್ಲ.

ಈಗ ಎಂ.ಆರ್.ಐ. ವಿಚಾರ. ಕೊಬ್ಬು ಇದೆ ಎಂದು ಗೊತ್ತಾದ ಮಾತ್ರಕ್ಕೆ ರೋಗನಿರ್ಣಯ ಪೂರ್ತಿಯಾಗುವುದಿಲ್ಲ. ಆ ಕೊಬ್ಬಿನ ಗಡ್ಡೆ ಗರ್ಭಕೋಶದಿಂದ ಹುಟ್ಟಿದೆಯೋ ಅಂಡಾಶಯದಿಂದ ಹುಟ್ಟಿದೆಯೋ ಎಂಬ ಎರಡನೆಯ ಪ್ರಶ್ನೆ ಉಳಿಯುತ್ತದೆ. ಕಿಬ್ಬೊಟ್ಟೆಯಲ್ಲಿ ಕೊಬ್ಬು ತುಂಬಿದ ಗಡ್ಡೆ ಕಂಡಾಗ ನಮ್ಮ ಮನಸ್ಸಿಗೆ ಮೊದಲು ಬರುವುದು ಅಂಡಾಶಯದ ಡರ್ಮಾಯ್ಡ್, ಏಕೆಂದರೆ ಅದೇ ಹೆಚ್ಚು ಸಾಮಾನ್ಯ. ಡರ್ಮಾಯ್ಡಿನಲ್ಲಿ ಕೊಬ್ಬಿನ ಜೊತೆ ಕೂದಲು, ಹಲ್ಲಿನಂಥ ಸುಣ್ಣದ ಭಾಗ, ದ್ರವದ ಮೇಲೆ ತೇಲುವ ಕೊಬ್ಬಿನ ಪದರ ಇವೆಲ್ಲ ಇರಬಹುದು. ಅದು ತಿರುಚಿಕೊಂಡು ಏಕಾಏಕಿ ನೋವು ಕೊಡಬಹುದು. ಹೀಗಾಗಿ ಅದರ ಚಿಕಿತ್ಸೆಯ ದಾರಿಯೇ ಬೇರೆ. ಮುಟ್ಟು ನಿಂತ ಮೇಲೆ ಅಂಡಾಶಯಗಳು ಕುಗ್ಗಿ ಚಿಕ್ಕದಾಗುವುದರಿಂದ ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗಿನಲ್ಲಿ ಅವು ಸಿಗದೇ ಇರುವುದು ಸಹಜ. ನಿಮ್ಮ ವರದಿ ಬರೆದವರು 'ಅಂಡಾಶಯ ಕಾಣಿಸಲಿಲ್ಲ' ಎಂದು ನೇರವಾಗಿ ಬರೆದಿರುವುದು ಒಳ್ಳೆಯದೇ ಆಯಿತು. ಸಂಶಯ ಎಲ್ಲಿದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಎಂ.ಆರ್.ಐ. ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ. ಟಿ1 ಎಂಬ ಬಗೆಯ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ. ಆದರೆ ಹಳೆಯ ರಕ್ತವೂ ಅದರಲ್ಲಿ ಹಾಗೆಯೇ ಹೊಳೆಯುವುದುಂಟು. ಅದಕ್ಕಾಗಿ ಕೊಬ್ಬಿನ ಸಂಕೇತವನ್ನು ಮಾತ್ರ ಅಳಿಸಿಹಾಕುವ ಇನ್ನೊಂದು ಸರಣಿ ಚಿತ್ರಗಳನ್ನು ತೆಗೆಯುತ್ತಾರೆ. ಮೊದಲನೆಯದರಲ್ಲಿ ಬೆಳ್ಳಗಿದ್ದ ಭಾಗ ಎರಡನೆಯದರಲ್ಲಿ ಕಪ್ಪಾದರೆ ಅದು ಕೊಬ್ಬು; ಬೆಳ್ಳಗೇ ಉಳಿದರೆ ರಕ್ತ. ಇದರ ಜೊತೆಗೆ ಗಡ್ಡೆಯ ಸುತ್ತ ಗರ್ಭಕೋಶದ ಸ್ನಾಯು ಆವರಿಸಿಕೊಂಡಿದೆಯೇ, ಗರ್ಭಕೋಶದಿಂದ ಗಡ್ಡೆಗೆ ರಕ್ತನಾಳಗಳು ಹೋಗುತ್ತಿವೆಯೇ, ಎರಡೂ ಅಂಡಾಶಯಗಳು ಬೇರೆಯಾಗಿ ತಮ್ಮ ಜಾಗದಲ್ಲಿ ಕಾಣುತ್ತಿವೆಯೇ ಎಂಬುದನ್ನು ಮೂರು ದಿಕ್ಕಿನಿಂದಲೂ ನೋಡಬಹುದು. ನನ್ನ ಅನುಭವದಲ್ಲಿ ಕೊನೆಯ ಅಂಶವೇ ನಿರ್ಣಾಯಕ. ಎರಡು ಅಂಡಾಶಯಗಳನ್ನೂ ಬೆರಳಿಟ್ಟು ತೋರಿಸಲು ಸಾಧ್ಯವಾದರೆ ಡರ್ಮಾಯ್ಡಿನ ಸಂಶಯ ಬಹುಮಟ್ಟಿಗೆ ಕೊನೆಗೊಳ್ಳುತ್ತದೆ.

ಕೊಬ್ಬನ್ನು ಗುರುತಿಸುವುದಕ್ಕೆ ರಕ್ತನಾಳದ ಮೂಲಕ ಬಣ್ಣದ ಔಷಧಿ ಕೊಡಬೇಕಾಗಿಲ್ಲ. ಗಡ್ಡೆಯೊಳಗೆ ಕೊಬ್ಬಲ್ಲದ, ಅನುಮಾನ ಹುಟ್ಟಿಸುವ ಗಟ್ಟಿ ಭಾಗ ಕಂಡರೆ ಮಾತ್ರ ಅದರ ಪ್ರಯೋಜನ ಹೆಚ್ಚು. ತಾಯಿಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅದನ್ನು ಕೊಡುವುದಾದರೆ ಮೂತ್ರಪಿಂಡದ ಕೆಲಸ ಹೇಗಿದೆ ಎಂಬ ರಕ್ತಪರೀಕ್ಷೆಯ ವರದಿ ಜೊತೆಯಲ್ಲಿರಲಿ. ಎದೆಯಲ್ಲಿ ಪೇಸ್‌ಮೇಕರ್ ಅಥವಾ ಮೈಯಲ್ಲಿ ಎಲ್ಲಾದರೂ ಲೋಹದ ಸಾಧನವಿದ್ದರೆ ಮೊದಲೇ ತಿಳಿಸಿ.

ನಿಮ್ಮ ಸ್ಕ್ಯಾನಿಂಗ್ ವರದಿಯ ವಿವರ ಲೈಪೋಲಿಯೋಮಯೋಮಾಗೆ ಚೆನ್ನಾಗಿಯೇ ಹೊಂದುತ್ತದೆ: ಬಹಳ ಬೆಳ್ಳಗಿನ ಗಡ್ಡೆ, ಸ್ಪಷ್ಟ ಅಂಚು, ಒಳಗೆ ರಕ್ತಸಂಚಾರ ಇಲ್ಲದಿರುವುದು, ಮುಟ್ಟು ನಿಂತ ನಂತರದ ವಯಸ್ಸು. ಆದರೂ ಸ್ಕ್ಯಾನಿಂಗ್ ಒಂದನ್ನೇ ನಂಬಿ ಹೆಸರು ಕೊಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.


ಉತ್ತರ: ಧಾರವಾಡದ ಓದುಗಿ

ನಾನು ವೈದ್ಯೆ ಅಲ್ಲ. ಇದೇ ಗಡ್ಡೆ ನನಗೂ ಇತ್ತು, ಅದಕ್ಕಾಗಿ ಬರೆಯುತ್ತಿದ್ದೇನೆ.

ನನ್ನದು ದೊಡ್ಡದಾಗಿತ್ತು. ಹೊಟ್ಟೆ ಹೊರಗಿನಿಂದಲೇ ಉಬ್ಬಿದಂತೆ ಕಾಣುತ್ತಿತ್ತು, ಮಲಗಿದರೆ ಬೆನ್ನಿನ ಕೆಳಭಾಗಕ್ಕೆ ಒತ್ತುತ್ತಿತ್ತು, ಗಡ್ಡೆಯ ಒತ್ತಡದಿಂದ ಬಲಗಡೆಯ ಮೂತ್ರಪಿಂಡ ಸ್ವಲ್ಪ ಊದಿಕೊಂಡಿದೆ ಎಂದು ಸ್ಕ್ಯಾನಿಂಗಿನಲ್ಲಿ ಕಂಡಿತ್ತು. ಹಾಗಾಗಿ ಆಪರೇಷನ್ ಬೇಕೇ ಬೇಡವೇ ಎಂಬ ಪ್ರಶ್ನೆ ನನಗೆ ಏಳಲಿಲ್ಲ. ಆದರೆ ಆಪರೇಷನ್ನಿಗೆ ಮುಂಚೆ ನನಗೆ ಯಾರೂ ಕೊಬ್ಬಿನ ಗಡ್ಡೆ ಎಂದು ಹೇಳಿರಲಿಲ್ಲ. ಫೈಬ್ರಾಯ್ಡ್ ಎಂದೇ ಹೇಳಿದ್ದರು. ಬಯಾಪ್ಸಿ ವರದಿಯಲ್ಲಿ ಲೈಪೋಲಿಯೋಮಯೋಮಾ ಎಂಬ ಪದವನ್ನು ಮೊದಲ ಸಲ ಓದಿದಾಗ, ಕೊನೆಯಲ್ಲಿರುವ 'ಓಮಾ' ನೋಡಿ ನಾನೂ ನನ್ನ ಯಜಮಾನರೂ ಕ್ಯಾನ್ಸರ್ ಎಂದೇ ಭಾವಿಸಿ ಆ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಮರುದಿನ ವೈದ್ಯರು ವರದಿಯ ಕೊನೆಯ ಸಾಲನ್ನು ಓದಿ, ಕ್ಯಾನ್ಸರಿನ ಲಕ್ಷಣ ಒಂದೂ ಇಲ್ಲ ಎಂದು ಬಿಡಿಸಿ ಹೇಳಿದ ಮೇಲೆಯೇ ನಮಗೆ ಉಸಿರು ಬಂದಂತಾಯಿತು. ನಿಮ್ಮ ತಾಯಿಗೆ ಈ ಹೆಸರನ್ನು ಮೊದಲೇ ವಿವರಿಸಿ ಹೇಳಿ. ಅವರ ಅರ್ಧ ಭಯ ಅಷ್ಟರಿಂದಲೇ ಕಡಿಮೆಯಾದೀತು.

ಪ್ಯಾಥಾಲಜಿ ತಿಳಿದವರು ಯಾರಾದರೂ ಇಲ್ಲಿ ಇದ್ದರೆ ನನ್ನದೂ ಒಂದು ಪ್ರಶ್ನೆ: ಗರ್ಭಕೋಶದ ಗೋಡೆಯಲ್ಲಿ ಕೊಬ್ಬೇ ಇರುವುದಿಲ್ಲ ಎನ್ನುತ್ತಾರೆ, ಹಾಗಾದರೆ ಅದು ಅಲ್ಲಿಗೆ ಬಂದದ್ದು ಹೇಗೆ?


ಉತ್ತರ: ಪ್ಯಾಥಾಲಜಿ ಅಧ್ಯಾಪಕ

ಧಾರವಾಡದ ಸಹೋದರಿಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಎರಡು ಶತಮಾನಗಳಷ್ಟು ಹಳೆಯ ಪ್ರಶ್ನೆ. ಸ್ಟ್ರಾಸ್‌ಬರ್ಗಿನ ಲೋಬ್‌ಸ್ಟೈನ್ 1816ರಲ್ಲಿ ಈ ಗಡ್ಡೆಯನ್ನು ಮೊದಲು ವರ್ಣಿಸಿದರೆಂದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಅಂದಿನಿಂದಲೂ ಗರ್ಭಕೋಶದ ಗೋಡೆಯಲ್ಲಿ ಕೊಬ್ಬಿನ ಕೋಶ ಎಲ್ಲಿಂದ ಬಂತು ಎಂಬ ಚರ್ಚೆ ನಡೆದೇ ಇದೆ. ಭ್ರೂಣ ಬೆಳೆಯುವಾಗ ದಾರಿ ತಪ್ಪಿ ಅಲ್ಲಿ ಉಳಿದುಕೊಂಡ ಕೋಶಗಳು ಎಂದು ಕೆಲವರು ಹೇಳಿದರು. ರಕ್ತನಾಳಗಳ ಜೊತೆಯಲ್ಲಿ ಹೊರಗಿನಿಂದ ಒಳಗೆ ಸೇರಿದವು ಎಂದು ಇನ್ನು ಕೆಲವರು ಹೇಳಿದರು. ಇಂದು ಹೆಚ್ಚು ಜನ ಒಪ್ಪುವ ವಿವರಣೆಯೆಂದರೆ, ಫೈಬ್ರಾಯ್ಡ್ ಗಡ್ಡೆಯ ಸ್ನಾಯುಕೋಶಗಳೇ ಕಾಲಕ್ರಮದಲ್ಲಿ ಕೊಬ್ಬಿನ ಕೋಶಗಳಾಗಿ ಮಾರ್ಪಡುತ್ತವೆ ಎಂಬುದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ದೇಹ ಕೊಬ್ಬನ್ನು ಬಳಸುವ ರೀತಿ ಬದಲಾಗುವುದು ಇದಕ್ಕೆ ಕಾರಣವಿರಬಹುದೆಂದು ಭಾವಿಸಲಾಗಿದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಿರುವುದು ಇವುಗಳ ಜೊತೆಗೆ ಈ ಗಡ್ಡೆ ಕಂಡುಬಂದಿರುವ ವರದಿಗಳಿವೆ. ಪ್ರಶ್ನೆ ಕೇಳಿದವರ ತಾಯಿಯವರಿಗೆ ಅವುಗಳಲ್ಲಿ ಎರಡು ಇವೆ ಎಂಬುದನ್ನು ಗಮನಿಸಿದೆ. ಆದರೆ ಆ ಕಾಯಿಲೆಗಳಿಂದಲೇ ಗಡ್ಡೆ ಬಂತೆಂದು ತೀರ್ಮಾನಿಸುವಷ್ಟು ಆಧಾರವಿಲ್ಲ.

ಅಪರೂಪ ಎಂದರೆ ಎಷ್ಟು ಅಪರೂಪ? ಗರ್ಭಕೋಶದ ಕೊಬ್ಬಿನ ಗಡ್ಡೆಗಳ ಪ್ರಮಾಣವನ್ನು ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಶೇ. 0.03ರಿಂದ 0.2 ಎಂದು ಕೊಡುತ್ತಾರೆ. ಅವುಗಳಲ್ಲಿಯೂ ಬಹುಪಾಲು ಸ್ನಾಯು ಮತ್ತು ಕೊಬ್ಬು ಬೆರೆತ ಲೈಪೋಲಿಯೋಮಯೋಮಾಗಳು. ಬರೀ ಕೊಬ್ಬಿನಿಂದಲೇ ಆದ ಶುದ್ಧ ಲೈಪೋಮಾ ಇನ್ನೂ ಅಪರೂಪ. ಬೋಧಕ ಆಸ್ಪತ್ರೆಯ ಪ್ಯಾಥಾಲಜಿ ವಿಭಾಗಕ್ಕೆ ಗರ್ಭಕೋಶದ ಮಾದರಿಗಳು ದಿನವೂ ಬರುತ್ತವೆ. ಫೈಬ್ರಾಯ್ಡನ್ನು ಕೊಯ್ದರೆ ಅದು ಗಟ್ಟಿಯಾಗಿ, ಬಿಳಿಯಾಗಿ, ಸುರುಳಿ ಸುರುಳಿಯಾದ ಎಳೆಗಳಿಂದ ಕೂಡಿರುತ್ತದೆ. ಚಾಕುವಿಗೆ ಅದರ ಬಿಗಿ ಗೊತ್ತಾಗುತ್ತದೆ. ಲೈಪೋಲಿಯೋಮಯೋಮಾ ಬಂದಾಗ ಚಾಕು ಸಲೀಸಾಗಿ ಇಳಿಯುತ್ತದೆ, ಕೊಯ್ದ ಮೈ ಬೆಣ್ಣೆಯಂತೆ ಹಳದಿಯಾಗಿ ಹೊಳೆಯುತ್ತದೆ, ನಡುನಡುವೆ ಬಿಳಿ ಎಳೆಗಳು ಕಾಣುತ್ತವೆ. ಅಂಥ ಒಂದು ಮಾದರಿ ಬಂದರೆ ವಿದ್ಯಾರ್ಥಿಗಳನ್ನೆಲ್ಲ ಕರೆದು ತೋರಿಸುತ್ತೇವೆ.

ಸೂಕ್ಷ್ಮದರ್ಶಕದ ಕೆಳಗೆ ನೋಡುವಾಗ ಒಂದು ವಿಶೇಷವಿದೆ. ಸ್ಲೈಡ್ ತಯಾರಿಸುವ ಹಂತದಲ್ಲಿ ಮಾದರಿಯನ್ನು ಆಲ್ಕೋಹಾಲ್ ಮತ್ತು ಕ್ಸೈಲೀನ್‌ನಲ್ಲಿ ಇಡುವುದರಿಂದ ಕೋಶದೊಳಗಿನ ಕೊಬ್ಬು ಕರಗಿಹೋಗಿರುತ್ತದೆ. ಹಾಗಾಗಿ ನಮಗೆ ಕಾಣುವುದು ಕೊಬ್ಬಲ್ಲ, ಅದು ಇದ್ದ ಜಾಗದಲ್ಲಿ ಉಳಿದ ದುಂಡನೆಯ ಖಾಲಿ ಕೋಶ ಮತ್ತು ಅಂಚಿಗೆ ಸರಿದು ಚಪ್ಪಟೆಯಾದ ಅದರ ಕೋಶಕೇಂದ್ರ. ಈ ಖಾಲಿ ಕೋಶಗಳ ನಡುವೆ ಉದ್ದನೆಯ ಸ್ನಾಯುಕೋಶಗಳ ಕಟ್ಟುಗಳು ಹಾದುಹೋಗಿರುತ್ತವೆ. ಎರಡು ಬಗೆಯ ಕೋಶಗಳೂ ಪಕ್ವವಾಗಿ, ಒಂದೇ ಸಮನಾಗಿ ಇವೆಯೇ, ಕೋಶವಿಭಜನೆ ಹೆಚ್ಚಾಗಿದೆಯೇ, ಲೈಪೋಸಾರ್ಕೋಮಾ ಎಂಬ ಕೊಬ್ಬಿನ ಕೋಶಗಳ ಕ್ಯಾನ್ಸರಿನಲ್ಲಿ ಕಾಣುವಂಥ ಅಪಕ್ವ ಕೊಬ್ಬಿನ ಕೋಶಗಳಿವೆಯೇ ಎಂದು ಹುಡುಕುತ್ತೇವೆ. ಬಹುತೇಕ ಸಂದರ್ಭದಲ್ಲಿ ಸಾಧಾರಣ ಬಣ್ಣ ಹಾಕಿದ ಸ್ಲೈಡಿನಲ್ಲಿಯೇ ಉತ್ತರ ಸಿಗುತ್ತದೆ. ಸಂಶಯ ಉಳಿದರೆ ಸ್ನಾಯುಕೋಶಕ್ಕೆ ಡೆಸ್ಮಿನ್, ಕೊಬ್ಬಿನ ಕೋಶಕ್ಕೆ ಎಸ್-100, ಲೈಪೋಸಾರ್ಕೋಮಾ ಅಲ್ಲವೆಂದು ನೋಡಲು ಎಂ.ಡಿ.ಎಂ.2 ಹೀಗೆ ವಿಶೇಷ ಪರೀಕ್ಷೆಗಳಿವೆ.

ಸೂಜಿಯ ಬಗ್ಗೆ ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲನೆಯದಾಗಿ, ಸೂಜಿಗೆ ಸಿಗುವುದು ಒಂದಿಷ್ಟು ಕೊಬ್ಬಿನ ಕೋಶಗಳು ಮಾತ್ರ. ಅವು ನೋಡಲು ಸಾಧಾರಣವಾಗಿಯೇ ಇದ್ದರೂ ಇಡೀ ಗಡ್ಡೆ ನಿರಪಾಯಕಾರಿ ಎಂದು ಅದರಿಂದ ಹೇಳಲಾಗದು, ಏಕೆಂದರೆ ಲೈಪೋಸಾರ್ಕೋಮಾದ ಒಂದು ಬಗೆಯಲ್ಲಿ ಬಹುಪಾಲು ಕೋಶಗಳು ಸಹಜ ಕೊಬ್ಬಿನಂತೆಯೇ ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ಆ ಗಡ್ಡೆ ಒಂದು ವೇಳೆ ಡರ್ಮಾಯ್ಡ್ ಆಗಿದ್ದರೆ ಸೂಜಿ ಚುಚ್ಚಿದಾಗ ಅದರೊಳಗಿನ ಪದಾರ್ಥ ಹೊಟ್ಟೆಯೊಳಗೆ ಸೋರಿ ತೀವ್ರ ಉರಿಯೂತ ಉಂಟಾಗಬಹುದು. ಚಿತ್ರಗಳಿಂದ ತಿಳಿಯಬಹುದಾದ ವಿಷಯಕ್ಕೆ ಇಂಥ ಅಪಾಯವನ್ನು ತಂದುಕೊಳ್ಳಬೇಕಾಗಿಲ್ಲ.

ಲೈಪೋಲಿಯೋಮಯೋಮಾದ ಒಳಗೆ ಲೈಪೋಸಾರ್ಕೋಮಾ ಹುಟ್ಟಿದ ಉದಾಹರಣೆಗಳು ವರದಿಯಾಗಿಲ್ಲವೆಂದಲ್ಲ, ಆದರೆ ಅವು ಅತಿ ವಿರಳ. ನಿಮ್ಮ ತಾಯಿಯವರ ಭಯಕ್ಕೆ ಅದನ್ನು ಆಧಾರವಾಗಿಸಬೇಡಿ.


ಉತ್ತರ: ಸ್ತ್ರೀರೋಗ ತಜ್ಞೆ, ಜಿಲ್ಲಾ ಆಸ್ಪತ್ರೆ

ಇಬ್ಬರು ತಜ್ಞರೂ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೂ ಮೊದಲನೆಯ ವೈದ್ಯರು ಗರ್ಭಕೋಶ ತೆಗೆಸಿ ಎಂದದ್ದರ ಹಿಂದಿರುವ ಕಾಳಜಿಯನ್ನು ನೀವು ತಿಳಿದುಕೊಳ್ಳಬೇಕೆಂದು ನನ್ನ ವಿನಂತಿ. ಫೈಬ್ರಾಯ್ಡ್ ಗಡ್ಡೆಗಳು ಈಸ್ಟ್ರೋಜನ್ ಬಲದಿಂದ ಬೆಳೆಯುವಂಥವು. ಮುಟ್ಟು ನಿಂತ ಮೇಲೆ ಅವು ಕುಗ್ಗಬೇಕು. ಕುಗ್ಗದೆ ಬೆಳೆಯುತ್ತಿದ್ದರೆ ಅಥವಾ ಹೊಸದಾಗಿ ಕಾಣಿಸಿಕೊಂಡರೆ, ಅದು ಸಾರ್ಕೋಮಾ ಎಂಬ ಕ್ಯಾನ್ಸರ್ ಇರಬಹುದೇ ಎಂಬ ಪ್ರಶ್ನೆ ಪ್ರತಿಯೊಬ್ಬ ಸ್ತ್ರೀರೋಗ ತಜ್ಞರ ಮನಸ್ಸಿನಲ್ಲೂ ಏಳುತ್ತದೆ, ಏಳಲೇಬೇಕು. ಕೊಬ್ಬಿನ ಗಡ್ಡೆ ಈ ನಿಯಮಕ್ಕೆ ಹೊರತಾದದ್ದು. ಅದು ಕಾಣಿಸಿಕೊಳ್ಳುವುದೇ ಹೆಚ್ಚಾಗಿ ಮುಟ್ಟು ನಿಂತ ಮೇಲೆ, ಮತ್ತು ನಂತರವೂ ನಿಧಾನವಾಗಿ ದೊಡ್ಡದಾಗಬಹುದು. ಆದ್ದರಿಂದಲೇ ಅದು ಕೊಬ್ಬು ಹೌದೋ ಅಲ್ಲವೋ ಎಂಬುದನ್ನು ಖಚಿತಪಡಿಸಿಕೊಳ್ಳುವುದಕ್ಕೆ ಇಷ್ಟು ಮಹತ್ವ. ಆ ಒಂದು ಉತ್ತರ ಶಸ್ತ್ರಚಿಕಿತ್ಸೆಯ ತುರ್ತನ್ನು ಪೂರ್ತಿಯಾಗಿ ಬದಲಿಸುತ್ತದೆ.

ಕೊಬ್ಬಿನ ಗಡ್ಡೆಯೇ ಎಂದು ಚಿತ್ರಗಳಲ್ಲಿ ಸ್ಪಷ್ಟವಾಗಿ, ತೊಂದರೆ ಹೆಚ್ಚಿಲ್ಲದಿದ್ದರೆ ಗರ್ಭಕೋಶ ತೆಗೆಯುವ ಅಗತ್ಯವಿಲ್ಲ. ಗಮನದಲ್ಲಿಟ್ಟುಕೊಂಡು ನೋಡುತ್ತಿದ್ದರೆ ಸಾಕು. ತೆಗೆಯಬೇಕಾಗುವುದು ಧಾರವಾಡದವರಿಗೆ ಆದಂತೆ ಮೂತ್ರಪಿಂಡಕ್ಕೆ ಒತ್ತಡ ಬಿದ್ದಾಗ, ನೋವು ಅಥವಾ ಭಾರ ದಿನನಿತ್ಯದ ಬದುಕನ್ನು ಕೆಡಿಸಿದಾಗ, ಗಡ್ಡೆ ಬೇಗ ಬೆಳೆದಾಗ, ಅಥವಾ ಅದರೊಳಗೆ ಅನುಮಾನದ ಗಟ್ಟಿ ಭಾಗ ಕಂಡಾಗ.

ರಕ್ತಸ್ರಾವದ ವಿಚಾರವನ್ನು ಬೇರೆಯಾಗಿಯೇ ಹೇಳುತ್ತೇನೆ, ಏಕೆಂದರೆ ಇಲ್ಲಿ ಎಡವುವವರು ಬಹಳ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, 'ಗಡ್ಡೆ ಇದೆಯಲ್ಲ, ಅದರಿಂದಲೇ ಇರಬೇಕು' ಎಂದು ಸುಮ್ಮನಾಗಬಾರದು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇಲ್ಲವೆಂಬುದನ್ನು ಪ್ರತ್ಯೇಕವಾಗಿ ನೋಡಲೇಬೇಕು. ಕೊಬ್ಬಿನ ಗಡ್ಡೆ ಇದ್ದವರಲ್ಲಿಯೇ ಒಳಪದರದ ಕ್ಯಾನ್ಸರೂ ಇದ್ದ ಉದಾಹರಣೆಗಳಿವೆ. ರಕ್ತಸ್ರಾವವಾದವರಲ್ಲಿ ಯೋನಿಯ ಮೂಲಕ ಮಾಡಿದ ಸ್ಕ್ಯಾನಿಂಗಿನಲ್ಲಿ ಒಳಪದರ 4 ಮಿ.ಮೀ. ಅಥವಾ ಅದಕ್ಕಿಂತ ತೆಳ್ಳಗಿದ್ದರೆ ಕ್ಯಾನ್ಸರಿನ ಸಾಧ್ಯತೆ ಬಹಳ ಕಡಿಮೆ. ದಪ್ಪಗಿದ್ದರೆ, ಅಥವಾ ರಕ್ತಸ್ರಾವ ಮರುಕಳಿಸಿದರೆ ಒಳಪದರದ ಬಯಾಪ್ಸಿ ಮಾಡಿಸಬೇಕು. ನಿಮ್ಮ ತಾಯಿಗೆ ಸ್ರಾವವಿಲ್ಲ, ಒಳಪದರ 3 ಮಿ.ಮೀ. ಇದೆ, ಇದು ಸಮಾಧಾನದ ಸಂಗತಿ. ಆದರೆ ಅಮ್ಮನಿಗೆ ಈ ಮಾತನ್ನು ಹೇಳಿಡಿ. ನಮ್ಮ ಕಡೆಯ ಹಿರಿಯ ಹೆಂಗಸರು ಇಂಥದ್ದನ್ನು ಮಕ್ಕಳ ಹತ್ತಿರವೂ ಬಾಯಿಬಿಟ್ಟು ಹೇಳುವುದಿಲ್ಲ, ನನ್ನ ಓ.ಪಿ.ಡಿ.ಗೆ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು ಬಂದವರನ್ನು ನೋಡಿ ಸಂಕಟಪಟ್ಟಿದ್ದೇನೆ.

ಇನ್ನೊಂದು ಸಣ್ಣ ವಿಚಾರ. ಮೂತ್ರಕ್ಕೆ ಮೇಲಿಂದ ಮೇಲೆ ಹೋಗುವುದನ್ನು ಗಡ್ಡೆಯ ಲೆಕ್ಕಕ್ಕೆ ಬರೆಯುವ ಮುಂಚೆ ಮೂತ್ರ ಪರೀಕ್ಷೆ ಮಾಡಿಸಿ, ಸಕ್ಕರೆಯ ಮಟ್ಟ ನೋಡಿ. ಹಿಂಭಾಗದ ಗೋಡೆಯ ಗಡ್ಡೆ ಮುಂದಿರುವ ಮೂತ್ರಕೋಶವನ್ನು ಒತ್ತುವುದು ಅಷ್ಟು ಸಹಜವಲ್ಲ. ಸಿ.ಎ. 125 ಎಂಬ ರಕ್ತಪರೀಕ್ಷೆಯನ್ನು ಯಾರಾದರೂ ಬರೆದುಕೊಟ್ಟರೆ ಅದರ ಫಲಿತಾಂಶವನ್ನು ಒಂಟಿಯಾಗಿ ನೋಡಿ ಗಾಬರಿಯಾಗಬೇಡಿ. ಕ್ಯಾನ್ಸರ್ ಅಲ್ಲದ ಹಲವು ಕಾರಣಗಳಿಗೂ ಅದು ಏರುತ್ತದೆ.

ಮುಂದೆ ಎಂದಾದರೂ ಶಸ್ತ್ರಚಿಕಿತ್ಸೆ ಅನಿವಾರ್ಯವಾದರೆ, ಗಡ್ಡೆಯನ್ನು ಹೊಟ್ಟೆಯೊಳಗೆ ಚೂರು ಮಾಡಿ ತೆಗೆಯುತ್ತಾರೆಯೋ ಇಡಿಯಾಗಿ ತೆಗೆಯುತ್ತಾರೆಯೋ ಎಂದು ಕೇಳಿ ತಿಳಿದುಕೊಳ್ಳಿ. ಯಂತ್ರದಿಂದ ಚೂರು ಮಾಡುವಾಗ, ಗೊತ್ತಿಲ್ಲದೆ ಇದ್ದ ಕ್ಯಾನ್ಸರ್ ಕೋಶಗಳು ಹೊಟ್ಟೆಯಲ್ಲೆಲ್ಲ ಹರಡುವ ಅಪಾಯವಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿತ್ತು. ಮುಟ್ಟು ನಿಂತವರಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಎರಡೂ ಅಂಡಾಶಯಗಳನ್ನು ತೆಗೆಯುವುದು ಬೇರೆಯದೇ ತೀರ್ಮಾನ. ಅದನ್ನು ಪ್ರತ್ಯೇಕವಾಗಿ ಚರ್ಚಿಸಿ ಒಪ್ಪಿಗೆ ಕೊಡಬೇಕು.

ಎರಡನೆಯ ವೈದ್ಯರ ಅಭಿಪ್ರಾಯ ಕೇಳಿದ್ದಕ್ಕೆ ಸಂಕೋಚಪಡಬೇಡಿ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಅದನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಸೂಚಿಸಿದೆ.


ಪ್ರಶ್ನೆ ಕೇಳಿದವರಿಂದ: ಶಿವಮೊಗ್ಗದ ಮಗಳು

ಎಲ್ಲರಿಗೂ ನಮ್ಮ ಮನೆಯವರೆಲ್ಲರ ಪರವಾಗಿ ಕೃತಜ್ಞತೆಗಳು. ಹೇಳಿದಂತೆ ಹಳೆಯ ಸ್ಕ್ಯಾನ್ ಸೆಂಟರಿಗೆ ಹೋದೆವು. ಸಿ.ಡಿ. ಮನೆಯಲ್ಲಿ ಇರಲಿಲ್ಲವಾದರೂ ಅವರ ಕಂಪ್ಯೂಟರಿನಲ್ಲಿ ಚಿತ್ರಗಳು ಸಿಕ್ಕಿದವು. ಅಲ್ಲಿಯ ವೈದ್ಯರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಡ್ಡೆಯ ಮೇಲೆ ವೃತ್ತ ಎಳೆದು ತೋರಿಸಿದರು: −88. ಪಕ್ಕದ ಗರ್ಭಕೋಶದ ಸ್ನಾಯುವಿನ ಮೇಲೆ ಎಳೆದಾಗ 46. ಚರ್ಮದ ಕೆಳಗಿನ ಕೊಬ್ಬಿನ ಮೇಲೆ ಎಳೆದಾಗ −104. ವರದಿಯ ಎಷ್ಟೋ ಸಾಲುಗಳಿಂದ ಅರ್ಥವಾಗದ್ದು ಆ ಮೂರು ಸಂಖ್ಯೆಗಳಿಂದ ಅರ್ಥವಾಯಿತು. ಆಗಿನ ಅಳತೆ 5.4 ಸೆಂ.ಮೀ. ಇತ್ತು.

ಅಂಡಾಶಯದ ಸಂಶಯ ಉಳಿದಿದ್ದರಿಂದ ಎಂ.ಆರ್.ಐ.ಯನ್ನೂ ಮಾಡಿಸಿದೆವು. ಕೊಬ್ಬನ್ನು ಅಳಿಸುವ ಸರಣಿಯಲ್ಲಿ ಗಡ್ಡೆಯ ಬಹುಭಾಗ ಕಪ್ಪಾಗಿದೆ, ಸುತ್ತ ಗರ್ಭಕೋಶದ ಸ್ನಾಯು ಆವರಿಸಿದೆ, ಎರಡೂ ಅಂಡಾಶಯಗಳು ಬೇರೆಯಾಗಿ ಸಹಜವಾಗಿ ಕಾಣುತ್ತಿವೆ, ಅನುಮಾನದ ಗಟ್ಟಿ ಭಾಗ ಇಲ್ಲ ಎಂದು ವರದಿ ಬಂದಿದೆ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಇತ್ತು. ಔಷಧಿ ತೆಗೆದುಕೊಂಡ ಮೇಲೆ ಮೇಲಿಂದ ಮೇಲೆ ಹೋಗುವುದು ಬಹಳ ಕಡಿಮೆಯಾಗಿದೆ. ಭಾರ ಇನ್ನೂ ಸ್ವಲ್ಪ ಇದೆ, ಆದರೆ ಅದಕ್ಕಾಗಿ ಆಪರೇಷನ್ ಬೇಡವೆಂದು ಅಮ್ಮ ತಾವೇ ತೀರ್ಮಾನಿಸಿದ್ದಾರೆ, ನಮ್ಮ ವೈದ್ಯರೂ ಒಪ್ಪಿದ್ದಾರೆ.

ಉಳಿದಿರುವುದು ಒಂದೇ ಪ್ರಶ್ನೆ. ಇನ್ನು ಎಷ್ಟು ದಿನಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕು, ಪ್ರತಿ ಸಲವೂ ಎಂ.ಆರ್.ಐ. ಬೇಕೇ?


ಉತ್ತರ: ರೇಡಿಯಾಲಜಿಸ್ಟ್, ಮೈಸೂರು

ಓದಿ ಬಹಳ ಸಂತೋಷವಾಯಿತು. ಇಷ್ಟು ದಿನಗಳಲ್ಲಿ 2 ಮಿ.ಮೀ. ವ್ಯತ್ಯಾಸ, ಅದೂ ಎರಡು ಬೇರೆ ಬೇರೆ ಯಂತ್ರಗಳ ಅಳತೆಯಲ್ಲಿ, ಬೆಳವಣಿಗೆ ಎಂದು ಹೇಳುವಂಥದ್ದಲ್ಲ.

ಪ್ರತಿ ಸಲ ಎಂ.ಆರ್.ಐ. ಬೇಕಾಗಿಲ್ಲ. ಕೊಬ್ಬು ಎಂದು ಒಮ್ಮೆ ಖಚಿತವಾದ ಮೇಲೆ ನಾವು ನೋಡಬೇಕಾದದ್ದು ಗಾತ್ರ ಮತ್ತು ಒಳರೂಪ. ಅದಕ್ಕೆ ಸಾಧಾರಣ ಸ್ಕ್ಯಾನಿಂಗ್ ಸಾಕು. ಈ ಗಡ್ಡೆಗೆಂದೇ ಎಲ್ಲರೂ ಒಪ್ಪಿದ ಒಂದು ಗಡುವಿಲ್ಲ. ನಾನು ಸಾಮಾನ್ಯವಾಗಿ ಸೂಚಿಸುವುದು ಆರು ತಿಂಗಳಿಗೊಮ್ಮೆ, ಅದರಲ್ಲಿ ಬದಲಾವಣೆ ಇಲ್ಲದಿದ್ದರೆ ನಂತರ ವರ್ಷಕ್ಕೊಮ್ಮೆ. ಸಾಧ್ಯವಾದಷ್ಟು ಒಂದೇ ಕಡೆ ಮಾಡಿಸಿ. ಉದ್ದ, ಅಗಲ, ದಪ್ಪ ಮೂರನ್ನೂ ವರದಿಯಲ್ಲಿ ಬರೆಯಲು ಕೇಳಿ. ಗರ್ಭಕೋಶದ ಒಳಪದರದ ಅಳತೆಯನ್ನೂ ಪ್ರತಿ ಸಲ ಹಾಕಿಸಿ. ಹಳೆಯ ವರದಿಗಳನ್ನೂ ಸಿ.ಡಿ.ಯನ್ನೂ ಜೊತೆಯಲ್ಲಿ ಒಯ್ಯಿರಿ. ಗಡ್ಡೆ ಗಮನಾರ್ಹವಾಗಿ ದೊಡ್ಡದಾದರೆ, ಬೆಳ್ಳಗಿದ್ದ ಭಾಗದ ನಡುವೆ ಹೊಸದಾಗಿ ಕಪ್ಪು ಗಟ್ಟಿ ಭಾಗವೋ ರಕ್ತಸಂಚಾರವೋ ಕಾಣಿಸಿಕೊಂಡರೆ, ಅಥವಾ ತಾಯಿಯವರಿಗೆ ರಕ್ತ ಕಂಡರೆ ಗಡುವಿಗೆ ಕಾಯದೆ ಆಗಲೇ ತೋರಿಸಿ. ಈಗ ತೆಗೆಸಿದ ಎಂ.ಆರ್.ಐ. ಚಿತ್ರಗಳ ಒಂದು ಪ್ರತಿಯನ್ನು ಸಿ.ಡಿ.ಯ ಜೊತೆಗೆ ಪೆನ್‌ಡ್ರೈವಿನಲ್ಲಿಯೂ ಇಟ್ಟುಕೊಳ್ಳಿ.